ಕೈಗುಣ ಅಂದುಕೊಂಡಿದ್ದೆವು, ಅದು ಮಾತ್ರೆಯ ಗುಣ

ನಿಮ್ಮ ಮನೆಯಲ್ಲಿ ಯಾರಾದರೂ ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆ ತಂದು ನುಂಗುತ್ತಿದ್ದರೆ ಇದನ್ನು ಪೂರ್ತಿ ಓದಿ.

ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಒಬ್ಬ ಡಾಕ್ಟರು ಇದ್ದಾರೆ. ಹೆಸರು ಬೇಡ. ಚಿಕ್ಕಂದಿನಲ್ಲಿ ನನಗೆ ಟೈಫಾಯಿಡ್ ಆದಾಗ ರಾತ್ರಿ ಹತ್ತು ಗಂಟೆಗೆ ಸ್ಕೂಟರ್ ಹತ್ತಿ ಮನೆಗೇ ಬಂದವರು. ಅಪ್ಪನ ಕೊನೆಗಾಲದಲ್ಲಿ ಫೀಸು ಮುಟ್ಟಲಿಲ್ಲ. ಅಂಥವರ ಮೇಲೆ ಅನುಮಾನ ಎಲ್ಲಿಂದ ಬರಬೇಕು ಹೇಳಿ.

ಅಮ್ಮನಿಗೆ ಮಂಡಿನೋವು. ಅವರು ಮೂರು ಬಣ್ಣದ ಮಾತ್ರೆ ಕಟ್ಟಿಕೊಟ್ಟರು. ಚೀಟಿ ಇಲ್ಲ. ಎರಡೇ ದಿನಕ್ಕೆ ಅಮ್ಮ ಮೆಟ್ಟಿಲು ಹತ್ತಿದಳು. "ಅವರ ಕೈಗುಣ ಕಣೇ" ಎಂದು ಫೋನಿನಲ್ಲಿ ಸಂಭ್ರಮಪಟ್ಟಳು. ಹಸಿವು ಜಾಸ್ತಿಯಾಯಿತು, ಮುಖ ದುಂಡಗಾಯಿತು. ಪಕ್ಕದ ಮನೆಯವರು ಮೈಕೈ ತುಂಬಿಕೊಂಡಿದ್ದೀರಿ ಅಂದರು, ನಾವೂ ಖುಷಿಪಟ್ಟೆವು. ಮುಂಗೈ ಮೇಲೆ ಅಲ್ಲಲ್ಲಿ ಕಪ್ಪಗೆ ಕಂದುತ್ತಿತ್ತು. ಬಳೆ ಒತ್ತಿರಬೇಕು ಅಂದುಕೊಂಡೆವು. ವರ್ಷದ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಪೊಟ್ಟಣಕ್ಕೆ ಇನ್ನೊಂದು ಮಾತ್ರೆ ಸೇರಿತು, ಅಷ್ಟೇ. ಡಾಕ್ಟರು ಇಲ್ಲದ ದಿನ ಕಾಂಪೌಂಡರೇ ಕಟ್ಟಿಕೊಡುತ್ತಿದ್ದ.

ಹೀಗೆ ಒಂದೂವರೆ ವರ್ಷ. ಆಮೇಲೆ ಅಮ್ಮ ಬೆಂಗಳೂರಿಗೆ ನಮ್ಮ ಮನೆಗೆ ಬಂದಳು, ಪೊಟ್ಟಣ ಊರಲ್ಲೇ ಉಳಿಯಿತು. ಮೂರನೇ ದಿನ ವಾಂತಿ. ಎದ್ದು ನಿಲ್ಲಲಾಗದಷ್ಟು ಸುಸ್ತು. ಆಸ್ಪತ್ರೆಗೆ ಹೋದಾಗ ಬಿಪಿಯ ಮೇಲಿನ ಅಂಕಿ 80ಕ್ಕೆ ಇಳಿದಿತ್ತು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಮ್ಮನ ಮುಖವನ್ನೇ ಒಂದು ನಿಮಿಷ ನೋಡಿ, "ಯಾವ ಮಾತ್ರೆ ತಗೋತಿದ್ರು?" ಎಂದರು. ನನ್ನ ಉತ್ತರ, "ಬಿಳಿಯದು, ಚಿಕ್ಕದು." ಆ ಹೊತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಊರಿನ ಡಾಕ್ಟರಿಗೆ ಫೋನ್ ಮಾಡಿದೆ. "ನೋವಿನ ಮಾತ್ರೆ, ವಿಟಮಿನ್ನು, ಇನ್ನೇನೂ ಇಲ್ಲಮ್ಮ" ಎಂದರು. ಡಾಕ್ಟರಮ್ಮ ಫೋನ್ ಕೈಗೆ ತೆಗೆದುಕೊಂಡ ಮೇಲೆ ಬಾಯಿಬಿಟ್ಟರು. ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್.

ಸ್ಟೀರಾಯ್ಡ್ ಅಂದರೆ ವಿಷವಲ್ಲ. ಜೋರು ಉಬ್ಬಸದಲ್ಲಿ ಜೀವ ಉಳಿಸುವ ಔಷಧಿ ಅದೇ. ಆದರೆ ಸವೆದ ಮಂಡಿಗೆ ತಿಂಗಳುಗಟ್ಟಲೆ ನುಂಗಿಸುವ ಮಾತ್ರೆಯಲ್ಲ. ಸಕ್ಕರೆ ಏರಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ, ಚರ್ಮ ತೆಳುವಾಗಿಸುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಮೈಯದೇ ಸ್ಟೀರಾಯ್ಡ್ ಮಾಡುತ್ತದಲ್ಲ, ಹೊರಗಿನಿಂದ ದಿನಾ ಸಿಗತೊಡಗಿದರೆ ಅದು ತನ್ನ ಕೆಲಸ ನಿಲ್ಲಿಸಿ ಕೂರುತ್ತದೆ. ಆಗ ಮಾತ್ರೆ ಥಟ್ಟನೆ ನಿಂತರೆ ಮೈಯಲ್ಲಿ ಎರಡೂ ಇಲ್ಲ. ಅಮ್ಮನಿಗೆ ಆಗಿದ್ದು ಅದೇ. ಆದ್ದರಿಂದ ಇದನ್ನು ಓದಿ ಗಾಬರಿಯಿಂದ ಇವತ್ತೇ ಪೊಟ್ಟಣ ಎಸೆಯಬೇಡಿ, ದಯವಿಟ್ಟು. ಮಾತ್ರೆ ಸಮೇತ ಫಿಜಿಷಿಯನ್ ಬಳಿ ಹೋಗಿ. ಅವರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅಮ್ಮನಿಗೆ ಎಂಟು ತಿಂಗಳು ಹಿಡಿಯಿತು.

ಕೊಡುವ ಮುಂಚೆ ಒಂದು ಮಾತು ಹೇಳಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ. ಸ್ಟ್ರಿಪ್‌ನಲ್ಲಿ ಕೊಟ್ಟರೆ ಹೆಸರು ಕಾಣುತ್ತದೆ, ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಎನ್ನುವ ಹಿಂದಿನ ಕೆಂಪು ಗೆರೆಯೂ ಕಾಣುತ್ತದೆ. ಬಿಡಿಸಿ ಕೊಟ್ಟರೆ ಯಾವುದೂ ಇಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ನನ್ನ ತಮ್ಮ ಹೋಗಿ ಕೇಳಿದ. ಬರೆದಿಟ್ಟಿದ್ದರೆ ತಾನೇ ಕೊಡುವುದು?

ಇಂಥ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಕೊಡಬಹುದು. ನಾನು ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಸಹಿ ಮಾಡಲು ಅಮ್ಮ ಒಪ್ಪುತ್ತಿಲ್ಲ. ಮಂಡಿನೋವು ವಾಪಸ್ ಬಂದಿದೆ. ನೀವಿಕೊಳ್ಳುತ್ತಾ ಕೂತವಳು ಮೊನ್ನೆ ಹೇಳಿದಳು, "ಏನೇ ಅನ್ನು, ಅವರ ಕೈಗುಣ ಚೆನ್ನಾಗಿತ್ತು."