ಬೆಳಗಿನ ಶುಗರ್ ಚೆನ್ನಾಗಿದೆ ಅಂತ ಏಳು ತಿಂಗಳು ಮೋಸ ಹೋದೆ

ಹೊಸದಾಗಿ ಶುಗರ್ ಬಂದಿದೆ ಅಂತ ಗೊತ್ತಾಗಿ, ಮನೆಗೊಂದು ಮೆಷಿನ್ ತಂದಿಟ್ಟುಕೊಂಡು, ಬೆಳಿಗ್ಗೆ ಮಾತ್ರ ಚೆಕ್ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನೂ ಹಾಗೇ ಮಾಡಿದೆ. ಬಲಗಾಲಿನ ಹಿಮ್ಮಡಿ ಪಕ್ಕದಲ್ಲಿ ಅದರ ಗುರುತು ಈಗಲೂ ಇದೆ.

ನಮ್ಮದು ಸೋಮವಾರಪೇಟೆ ಕಡೆ. ನಾಲ್ಕು ಎಕರೆ ಕಾಫಿ, ಒಂದಿಷ್ಟು ಮೆಣಸು. ಕಳೆದ ವರ್ಷ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಸುಸ್ತು ಜಾಸ್ತಿ ಆಯ್ತು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 168, ತಿಂದ ಮೇಲೆ 274, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಪರೀಕ್ಷೆ) 8.4. ಟೈಪ್ ಟು ಡಯಾಬಿಟಿಸ್ ಅಂದರು. ಕ್ಲಿನಿಕ್ ತುಂಬಾ ಜನ. ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು, "ಮನೇಲಿ ಬೆಳಿಗ್ಗೆ ಚೆಕ್ ಮಾಡ್ತಾ ಇರಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಬೆಳಿಗ್ಗೆ ಮಾತ್ರ ಸಾಕಾ ಅಂತ ನಾನೂ ಕೇಳಲಿಲ್ಲ. ಮೂರು ತಿಂಗಳಿಗೆ ಹೋಗಲೂ ಇಲ್ಲ. ಹೂ ಮಳೆ ಬಂತು, ತೋಟದ ಕೆಲಸ ಬಂತು, ಆಮೇಲೆ ಮುಂಗಾರು.

ನಮ್ಮ ಅಂಗಳದಲ್ಲಿ ಮಳೆ ಮಾಪಕ ಇದೆ. ಅಪ್ಪನ ಕಾಲದಿಂದಲೂ ಬೆಳಿಗ್ಗೆ ಎದ್ದು ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ರೂಢಿ. ಅದೇ ಸಾಲಿನಲ್ಲಿ ಶುಗರ್ ಕೂಡ ಬರೆಯೋಕೆ ಶುರು ಮಾಡಿದೆ. ಜುಲೈ ಪುಟ ಈಗ ನನ್ನ ಎದುರಿಗಿದೆ. ಮಳೆ 2 ಇಂಚು 40 ಸೆಂಟು (ನೂರು ಸೆಂಟಿಗೆ ಒಂದು ಇಂಚು), ಶುಗರ್ 112. 1 ಇಂಚು 85 ಸೆಂಟು, ಶುಗರ್ 108. ಒಂದು ದಿನವೂ 120 ದಾಟಿಲ್ಲ. ಆ ಪುಟ ನೋಡಿದಾಗೆಲ್ಲ ಮನಸ್ಸಿಗೆ ಸಮಾಧಾನ ಆಗುತ್ತಿತ್ತು. ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಬೆಲ್ಲದ ಕಾಫಿ, ಯಾವುದನ್ನೂ ಕಡಿಮೆ ಮಾಡಲಿಲ್ಲ.

ಜುಲೈ ಕೊನೆಯಲ್ಲಿ ಕಾಲಿಗೆ ಜಿಗಣೆ ಹತ್ತಿತು. ನಮಗೆ ಅದೇನು ಹೊಸದಲ್ಲ. ಸುಣ್ಣ ಮುಟ್ಟಿಸಿದರೆ ಬಿಡುತ್ತೆ, ಎರಡು ದಿನ ತುರಿಸುತ್ತೆ, ಮುಗೀತು. ಈ ಸಲ ತುರಿಸಿದ ಜಾಗ ಮಾಗಲಿಲ್ಲ. ದಿನವಿಡೀ ಗಮ್ ಬೂಟಿನೊಳಗೆ ಕಾಲು ಒದ್ದೆ. ನೋವೂ ಅಷ್ಟಾಗಿ ಇರಲಿಲ್ಲ. ಆಗಸ್ಟ್ 3, ನಮ್ಮ ಆಟಿ ತಿಂಗಳ ಹದಿನೆಂಟನೇ ದಿನ, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಔಷಧಿ ಅಲ್ವಾ ಅಂತ ಎರಡು ಬಟ್ಟಲು ಕುಡಿದೆ. ಸೊಪ್ಪು ಮದ್ದೇ ಇರಬಹುದು, ಆದರೆ ಅದರಲ್ಲಿದ್ದ ಬೆಲ್ಲ ಬೆಲ್ಲವೇ. ಮಾರನೇ ದಿನ ಬೆಳಿಗ್ಗೆ ನೋಡಿದರೆ 116. ಪಾಯಸ ಕುಡಿದರೂ ಏನೂ ಆಗಲಿಲ್ಲ ಅಂತ ಖುಷಿಪಟ್ಟೆ.

ಒಂದು ವಾರ ಆದ ಮೇಲೆ ಬಟ್ಟೆ ಒಗೆಯುವಾಗ ನನ್ನ ಹೆಂಡತಿ ಕಾಲುಚೀಲ ಹಿಡಿದುಕೊಂಡು ಬಂದಳು. "ಏನ್ರೀ ಇದು, ಕೀವು ಅಂಟಿದೆ" ಅಂದಳು. "ಶುಗರ್ ಕಂಟ್ರೋಲಲ್ಲಿದೆ, ತಾನೇ ವಾಸಿಯಾಗುತ್ತೆ ಬಿಡು" ಅಂದೆ. ಅವಳು ಬಿಡಲಿಲ್ಲ. ಮಗಳಿಗೆ ಫೋನ್ ಮಾಡಿ, ಅವಳ ಕೈಲಿ ಬೈಸಿ, ಮಡಿಕೇರಿಗೆ ಕರೆದುಕೊಂಡು ಹೋದಳು.

ಅಲ್ಲಿ ಗಾಯ ಬಿಡಿಸಿ ಕೀವು ತೆಗೆದರು. ಐದು ವಾರ ಡ್ರೆಸಿಂಗ್ ಆಯ್ತು. ನಾನು ಹೆಮ್ಮೆಯಿಂದ ಮಳೆ ಪುಸ್ತಕ ತೋರಿಸಿದೆ. ಡಾಕ್ಟರ್ ಪುಟ ತಿರುವಿ ಒಂದೇ ಮಾತು ಕೇಳಿದರು: "ಊಟ ಆದ ಮೇಲಿನದು ಎಲ್ಲಿ?" ಇರಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತು ಎರಡು ಗಂಟೆ ಆದ ಮೇಲೆ ನೋಡಿದರೆ 266. ಎಚ್‌ಬಿಎ1ಸಿ 8.1. ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ಸುಮಾರು 186. ನನ್ನ ಪುಸ್ತಕ ಮಾತ್ರ 112 ಅನ್ನುತ್ತಿತ್ತು.

ಮಳೆ ಮಾಪಕವನ್ನು ಬೆಳಿಗ್ಗೆ ನೋಡಿದರೆ ಹಿಂದಿನ ಇಡೀ ದಿನ ಬಿದ್ದ ಮಳೆ ಅದರಲ್ಲಿ ಇರುತ್ತದೆ. ಶುಗರ್ ಮೆಷಿನ್ ಹಾಗಲ್ಲ. ಅದು ಹೇಳುವುದು ಚುಚ್ಚಿದ ಆ ಗಳಿಗೆಯದ್ದು ಮಾತ್ರ. ರಾತ್ರಿ ಏನೂ ತಿಂದಿರುವುದಿಲ್ಲ. ಯಕೃತ್ತು, ಅಂದರೆ ಲಿವರ್, ಬಿಡುವ ಸಕ್ಕರೆಯನ್ನು ಮೆಟ್‌ಫಾರ್ಮಿನ್ ತಡೆಯುತ್ತಿತ್ತು. ಬೆಳಿಗ್ಗೆ ಇಳಿದಿರುತ್ತಿತ್ತು, ರೊಟ್ಟಿ ತಿಂದ ಮೇಲೆ ಏರಿ ಸಂಜೆವರೆಗೂ ಮೇಲೇ ಇರುತ್ತಿತ್ತು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಕೆಲವರಿಗೆ ಬೆಳಿಗ್ಗೆಯೇ ಜಾಸ್ತಿ. ಎರಡೂ ಹೊತ್ತು ನೋಡದೆ ಅದು ಗೊತ್ತಾಗುವುದಿಲ್ಲ.

ಎರಡು ಗಂಟೆ ಅನ್ನುವುದನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಕೈ ತೊಳೆದ ಮೇಲಿಂದ ಅಲ್ಲ. ಒಂದೂವರೆಗೆ ಊಟಕ್ಕೆ ಕೂತರೆ ಮೂರೂವರೆಗೆ ಚುಚ್ಚಬೇಕು. ನಡುವೆ ಕಾಫಿ, ಬಾಳೆಹಣ್ಣು ಏನೂ ಬೇಡ. ತಿನ್ನುವ ಮೊದಲು ಒಂದು, ತಿಂದ ಮೇಲೆ ಒಂದು, ಹೀಗೆ ಜೋಡಿಯಾಗಿ ನೋಡಿದರೆ ಆ ಊಟ ಎಷ್ಟು ಏರಿಸಿತು ಅಂತ ತಿಳಿಯುತ್ತೆ. ಮೆಷಿನ್ನಿಗೆ ಹಾಕುವ ಸ್ಟ್ರಿಪ್ ದುಬಾರಿ, ದಿನಾ ನಾಲ್ಕು ಸಲ ಚುಚ್ಚೋಕಾಗಲ್ಲ, ನನಗೂ ಗೊತ್ತು. ನಾನೀಗ ಒಂದು ದಿನ ತಿಂಡಿಗೆ, ಎರಡು ದಿನ ಬಿಟ್ಟು ಮಧ್ಯಾಹ್ನದ ಊಟಕ್ಕೆ, ಮತ್ತೊಂದು ದಿನ ರಾತ್ರಿ ಊಟಕ್ಕೆ ನೋಡುತ್ತೇನೆ. ನನಗೆ ಹೇಳಿರುವ ಗುರಿ ಖಾಲಿ ಹೊಟ್ಟೆಗೆ 80ರಿಂದ 130, ತಿಂದ ಮೇಲೆ 180ರ ಒಳಗೆ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಲೆಕ್ಕ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರು ಜಾಸ್ತಿ ಸಲ ನೋಡಬೇಕಾಗುತ್ತೆ. ನಿಮ್ಮ ಡಾಕ್ಟರ್ ಹತ್ತಿರ ಗುರಿಯನ್ನೂ ಹೊತ್ತನ್ನೂ ಬರೆಸಿಕೊಂಡೇ ಬನ್ನಿ.

ಲ್ಯಾಬಿಗೆ ಹೋದಾಗ ಇನ್ನೊಂದು ತಪ್ಪು ನಡೆಯುತ್ತೆ. ರಕ್ತ ಕೊಟ್ಟು, ಪಕ್ಕದ ಹೋಟೆಲಲ್ಲಿ ಎರಡು ಇಡ್ಲಿ ತಿಂದು, ಮತ್ತೆ ರಕ್ತ ಕೊಡುತ್ತಾರೆ. ಮನೇಲಿ ತಿನ್ನುವುದು ನಾಲ್ಕು ರೊಟ್ಟಿ. ದಿನಾ ತಿನ್ನುವಷ್ಟೇ ತಿನ್ನಿ, ದಿನಾ ನುಂಗುವ ಮಾತ್ರೆಯನ್ನೂ ನುಂಗಿ. ಇಲ್ಲದಿದ್ದರೆ ಆ ರಿಪೋರ್ಟಿನಿಂದ ಏನೂ ಪ್ರಯೋಜನ ಇಲ್ಲ.

ಕಿತ್ತಳೆ ಸುಲಿದ ಕೈಯಲ್ಲಿ ಚುಚ್ಚಬೇಡಿ. ಬೆರಳಿಗೆ ಹತ್ತಿದ ರಸವೇ ಶುಗರನ್ನು ಸಿಕ್ಕಾಪಟ್ಟೆ ಏರಿಸಿ ತೋರಿಸುತ್ತೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತೆ. ಒಂದು ತೆಗೆದ ತಕ್ಷಣ ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿ.

ಈಗ ನನಗೆ ಗ್ಲಿಮೆಪಿರೈಡ್ ಕೂಡ ಸೇರಿಸಿದ್ದಾರೆ. ಈ ತರದ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಶುಗರ್ ತೀರಾ ಇಳಿಯಬಹುದು. ಕೈ ನಡುಗಿದರೆ, ಬೆವರಿದರೆ, ಹೊತ್ತು ನೋಡದೆ ಆಗಲೇ ಚೆಕ್ ಮಾಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಜೀಪ್ ಹತ್ತುವ ಮೊದಲು ನಾನು ಒಮ್ಮೆ ನೋಡಿಯೇ ಹೊರಡುತ್ತೇನೆ. ಜ್ವರ ಬಂದಾಗಲೂ, ಮಾತ್ರೆ ಬದಲಾದಾಗಲೂ ಜಾಸ್ತಿ ಸಲ ನೋಡಬೇಕು. ಎಚ್‌ಬಿಎ1ಸಿಯನ್ನು ಹತೋಟಿಗೆ ಬರುವವರೆಗೆ ಮೂರು ತಿಂಗಳಿಗೊಮ್ಮೆ ಮಾಡಿಸಿ, ಕೊಯ್ಲು ಇದ್ದರೂ ಸರಿ, ಮಳೆ ಇದ್ದರೂ ಸರಿ. ಕಾಲಿನ ಗಾಯ ಎಷ್ಟೇ ಚಿಕ್ಕದಿರಲಿ, ಮೆಷಿನ್ ಏನೇ ತೋರಿಸಲಿ, ತೋರಿಸಿಕೊಂಡು ಬನ್ನಿ.

ಮಳೆ ಪುಸ್ತಕದಲ್ಲಿ ಈಗ ಶುಗರ್ ಪಕ್ಕ ಗಂಟೆ ಬರೆಯುತ್ತೇನೆ, ಏನು ತಿಂದೆ ಅಂತಲೂ ಬರೆಯುತ್ತೇನೆ. ಮೊನ್ನೆ ಎರಡು ರೊಟ್ಟಿ, ಕಣಿಲೆ ಪಲ್ಯ, ತಿನ್ನೋಕೆ ಕೂತು ಎರಡು ಗಂಟೆ ಆದ ಮೇಲೆ 158. ನಾಲ್ಕು ರೊಟ್ಟಿ ತಿಂದ ದಿನ 231.