ತಾರೀಖು ನೋಡದೆ ನಂಬಿದ ವರದಿ

‘ದಾರಿ ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ, ಹೊಳೆ ದಾಟುವುದು ಸುಲಭ.’ ಹಿಂದೆ ಹೋಗಿಬಂದವರೊಬ್ಬರ ವರದಿಯಲ್ಲಿದ್ದ ಇಷ್ಟನ್ನು ನಂಬಿ ನಾನು ಮತ್ತು ನನ್ನ ಗೆಳೆಯ ನಾಲ್ಕು ದಿನದ ಚಾರಣಕ್ಕೆ ಹೊರಟೆವು. ವರದಿ ಬರೆದವರು ಸುಳ್ಳು ಹೇಳಿರಲಿಲ್ಲ. ಅವರು ಹೋಗಿದ್ದು ಹಿಂದಿನ ವರ್ಷದ ಬೇಸಿಗೆಯ ಕೊನೆಗೆ, ನಾವು ಹೋದದ್ದು ಹಿಮ ಕರಗಿ ಹರಿಯುವ ದಿನಗಳಲ್ಲಿ. ತಾರೀಖು ಮೇಲೆಯೇ ಇತ್ತು. ನೋಡಿರಲಿಲ್ಲ ಎಂದರೆ ತಪ್ಪಾದೀತು, ನೋಡಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ. ರಜೆ ಸಿಕ್ಕಿತ್ತು, ಚೀಲ ತುಂಬಿತ್ತು. ಹೋಗಬೇಡ ಎನ್ನುವ ಸುದ್ದಿಯನ್ನು ಆಗ ಯಾರು ಹುಡುಕುತ್ತಾರೆ?

ಮೊದಲ ದಿನ 14 ಕಿಲೋಮೀಟರ್ ನಡಿಗೆ, 600 ಮೀಟರ್ ಏರು. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹಾಕಿಕೊಟ್ಟ ಲೆಕ್ಕ ಚಾರಣಿಗರಿಗೆ ಪರಿಚಿತ. ಅದರಂತೆ ನಾಲ್ಕು ಗಂಟೆಯೂ ಬೇಡ. ನಮಗೆ ಒಂಬತ್ತು ಗಂಟೆ ಹಿಡಿಯಿತು. ಕೆಲವು ವರ್ಷಗಳ ಹಿಂದೆ ಸುಟ್ಟುಹೋಗಿದ್ದ ಕಾಡು ಅದು. ಬೆಂಕಿಗೆ ಸತ್ತ ಮರಗಳು ಒಮ್ಮೆಗೇ ಉರುಳುವುದಿಲ್ಲ, ವರ್ಷಗಟ್ಟಲೆ ಗಾಳಿಗೆ ಒಂದೊಂದಾಗಿ ಬೀಳುತ್ತಲೇ ಇರುತ್ತವೆ. ಕೆಲವನ್ನು ಹತ್ತಿ ಇಳಿದೆವು, ಕೆಲವುಗಳ ಅಡಿ ಚೀಲ ಕಳಚಿ ನುಸುಳಿದೆವು. ನೈಸ್ಮಿತ್ ಲೆಕ್ಕ ತೆರವಾದ ದಾರಿಗೆ ಮಾತ್ರ.

ತಡವಾದದ್ದು ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ದಿನ ಬೆಳಗ್ಗೆ ದಾಟಬೇಕಿದ್ದ ಹೊಳೆಯನ್ನು ಮುಟ್ಟಿದಾಗ ಸಂಜೆ ನಾಲ್ಕು. ನಕ್ಷೆಯಲ್ಲಿದ್ದ ಕಾಲುಸಂಕದ ಜಾಗದಲ್ಲಿ ಎರಡು ಕಲ್ಲುಕಟ್ಟೆಗಳಷ್ಟೇ ಉಳಿದಿದ್ದವು. ಹಿಮದ ನೀರಿನ ಹೊಳೆ ನಸುಕಿನಲ್ಲಿ ಇಳಿದಿರುತ್ತದೆ, ದಿನವಿಡೀ ಬಿಸಿಲಿಗೆ ಕರಗಿದ್ದೆಲ್ಲ ಸಂಜೆಯ ಹೊತ್ತಿಗೆ ಬಂದು ಸೇರುತ್ತದೆ. ಅತ್ಯಂತ ಕೆಟ್ಟ ಹೊತ್ತಿಗೆ ನಾವು ದಡದಲ್ಲಿದ್ದೆವು.

ಗೆಳೆಯ ಚೀಲದ ಸೊಂಟಪಟ್ಟಿ ಬಿಚ್ಚಿ, ಕೋಲೂರಿ ಇಳಿದ. ಅಷ್ಟು ಮಾತ್ರ ನಾವು ಸರಿಯಾಗಿ ಮಾಡಿದ್ದು. ನೀರು ತೊಡೆಗೆ ಬಂದಿತ್ತು. ಸೆಳವು ಇಮ್ಮಡಿಯಾದರೆ ನೀರಿನ ತಳ್ಳು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನಾನು ಓದಿದ್ದೆ, ಅಂದು ಕಣ್ಣಾರೆ ಕಂಡೆ. ಕೋಲು ಕೈಬಿಟ್ಟಿತು, ಅವನು ಕುಸಿದ. ಹತ್ತು ಹದಿನೈದು ಮೀಟರ್ ಕೊಚ್ಚಿಕೊಂಡು ಹೋಗಿ, ತಿರುವಿನ ಜಲ್ಲಿಗೆ ಸಿಕ್ಕಿ ನಿಂತ. ನಮ್ಮ ದಡದ ಕಡೆಗೇ ಸಿಕ್ಕಿಕೊಂಡದ್ದು ಜಾಣ್ಮೆಯಿಂದಲ್ಲ, ಅದೃಷ್ಟದಿಂದ. ನಕ್ಷೆಯಿದ್ದ ಮೊಬೈಲ್ ಸತ್ತಿತ್ತು. ಡೇರೆ ಹಾಕುವಷ್ಟರಲ್ಲಿ ಅವನ ಮಾತು ತೊದಲುತ್ತಿತ್ತು. ಮೈಯ ಕಾವು ಅಪಾಯದ ಮಟ್ಟಕ್ಕೆ ಇಳಿಯುತ್ತಿರುವ ಗುರುತು ಅದು. ಒಣಬಟ್ಟೆ, ಎರಡೂ ಮಲಗುಚೀಲ, ಬಿಸಿನೀರು. ನಾನು ರಾತ್ರಿಯಿಡೀ ಅವನ ಹೆಸರು ಕೂಗಿ ಉತ್ತರ ಕೊಡಿಸುತ್ತಿದ್ದೆ.

ಬೆಳಗಾಗುವಾಗ ನೀರು ಒಂದು ಗೇಣು ಇಳಿದಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ದಾಟೋಣವೇ ಎಂದು ಕೇಳಿದವನು ನಾನೇ. ‘ಮೇಲೆ ಬೆಟ್ಟ ದಾಟುವ ಕಣಿವೆಬಾಯಿ ಹಿಮದಿಂದ ಮುಚ್ಚಿದ್ದರೆ ಸಂಜೆ ಈಚೆಗೆ ಹೇಗೆ ಬರುತ್ತೀಯ?’ ಎಂದ ಗೆಳೆಯ. ತಿರುಗಿ ನಡೆದೆವು.

ಮನೆಗೆ ಬಂದ ಮೇಲೆ ಅಲ್ಲಿನ ಅರಣ್ಯ ಕಚೇರಿಗೆ ಫೋನ್ ಮಾಡಿದೆ. ಹೊರಡುವ ಮೊದಲು ಮಾಡಬೇಕಿದ್ದ ಕರೆ, ಎರಡು ನಿಮಿಷವೂ ಹಿಡಿಯಲಿಲ್ಲ. ಆ ಕಡೆಯವರ ಮೊದಲ ಪ್ರಶ್ನೆಯೇ ‘ಯಾವ ವಾರ ಹೋಗುತ್ತೀರಿ?’ ಎಂದು. ಸಂಕ ಕೊಚ್ಚಿಹೋದ ಸೂಚನೆ ದಾರಿಯ ಬುಡದ ಫಲಕದಲ್ಲೇ ಇತ್ತಂತೆ. ಬೇಗ ಹೊರಟ ಹೆಮ್ಮೆಯಲ್ಲಿ ನಾವು ಕತ್ತಲಲ್ಲೇ ಅದನ್ನು ಹಾದು ಹೋಗಿದ್ದೆವು.

ಹೋಗುವವರು ಇದನ್ನು ಗಮನಿಸಿ: ದಾರಿ ‘ತೆರೆದಿದೆ’ ಎಂದರೆ ನಿಷೇಧವಿಲ್ಲ ಎಂದಷ್ಟೇ ಅರ್ಥ, ನಡೆಯಬಹುದು ಎಂದಲ್ಲ. ಹಿಮ ಎಲ್ಲಿಯವರೆಗೆ ಉಳಿದಿದೆ ಎಂಬುದನ್ನು ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳಲ್ಲಿ ಉಚಿತವಾಗಿ ನೋಡಬಹುದು. ಸುಮಾರು ಐದು ದಿನಕ್ಕೊಮ್ಮೆ ಹೊಸ ಚಿತ್ರ ಬರುತ್ತದೆ, ಮೋಡವಿದ್ದರೆ ಮಾತ್ರ ಕಾಯಬೇಕು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮ ತಡವಾಗಿ ಕರಗುತ್ತದೆ. ಕೆಳಗಿನ ಊರಿನ ಹವಾಮಾನ ನೋಡಿ ಬಟ್ಟೆ ಕಟ್ಟಬೇಡಿ, 1000 ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಆ ಹಳೆಯ ವರದಿಯನ್ನು ಮೊನ್ನೆ ಮತ್ತೆ ತೆರೆದೆ. ಅದರಲ್ಲೊಂದು ಫೋಟೋ ಇದೆ. ಬರೆದವರು ಕಾಲುಸಂಕದ ಮೇಲೆ ನಿಂತು ನಗುತ್ತಿದ್ದಾರೆ. ಕೆಳಗೆ ಅದೇ ಹೊಳೆ, ಪಾದ ಮುಳುಗುವಷ್ಟೂ ನೀರಿಲ್ಲ.