ಮುಂಬಯಿ ಊರುಹೆಸರುಗಳ ಕನ್ನಡ ಆ್ಯಪ್: ಟಿಪ್ಪಣಿ ಚೆನ್ನ, ಕಾಗುಣಿತ ಕೈಕೊಡುತ್ತದೆ

ಮುಂಬಯಿ, ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಈಗ ಓಡಾಡುತ್ತಿರುವ ಈ ನಕ್ಷೆ ಆ್ಯಪ್‌ನಲ್ಲಿ ಬಡಾವಣೆ, ಸ್ಟೇಷನ್ನುಗಳ ಹೆಸರು ಕನ್ನಡದಲ್ಲಿ ಕಾಣುತ್ತವೆ. ಹೆಸರನ್ನು ಒತ್ತಿದರೆ ಅದು ಹುಟ್ಟಿದ್ದು ಹೇಗೆಂದು ನಾಲ್ಕೈದು ಸಾಲು ತೆರೆದುಕೊಳ್ಳುತ್ತದೆ. ಈ ಟಿಪ್ಪಣಿಗಳಿಗಾಗಿ ಇಟ್ಟುಕೊಳ್ಳಬಹುದು. ಮೇಲಿನ ಕನ್ನಡ ಹೆಸರನ್ನು ಮಾತ್ರ ನಂಬಬೇಡಿ.

ಮರಾಠಿ ಬೋರ್ಡು ನೋಡಿ ಬರೆಯುವ ಬದಲು ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಕನ್ನಡಕ್ಕೆ ಇಳಿಸಿದ್ದಾರೆ. ಇಂಗ್ಲಿಷಿಗೆ ಳ ಇಲ್ಲ, ನಮಗೂ ಮರಾಠಿಗೂ ಇದೆ. ಆದರೂ ವಡಾಳಾ ಇಲ್ಲಿ ‘ವಡಾಲಾ’, ವರಳಿ ‘ವೊರ್ಲಿ’, ಭಾಯಖಳಾ ‘ಬೈಕುಲ್ಲಾ’. ಶೀವ ಅಂತೂ ‘ಸಿಯಾನ್’ ಆಗಿದೆ. ಮರಾಠಿಯಲ್ಲಿ ಶೀವ ಎಂದರೆ ಊರಿನ ಎಲ್ಲೆ. ಮುಂಬಯಿ ದ್ವೀಪ ಮುಗಿದು ಆಚೆ ಸಾಷ್ಟಿ (ಸಾಲ್ಸೆಟ್) ದ್ವೀಪ ಶುರುವಾಗುತ್ತಿದ್ದ ಜಾಗ ಅದು. ಟಿಪ್ಪಣಿಯಲ್ಲಿ ಇದನ್ನು ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಮೇಲೆ ‘ಸಿಯಾನ್’ ಎಂದು ಓದಿದವರಿಗೆ ಕೆಳಗಿನ ವಿವರಣೆ ತಲೆಬುಡವಿಲ್ಲದ್ದಾಗಿ ಕಾಣುತ್ತದೆ.

ಹಾಗೆಂದು ಕಂಡ ಲ-ವನ್ನೆಲ್ಲ ಳ ಮಾಡಿಕೊಂಡರೂ ಎಡವುತ್ತೀರಿ. ಬೋರಿವಲಿ, ಡೊಂಬಿವಲಿ, ಕುರ್ಲಾ, ಪುಣೆ ಕಡೆಯ ಖಡಕವಾಸಲಾ, ಇವೆಲ್ಲ ಮರಾಠಿಯಲ್ಲೂ ಲ-ವೇ. ಪರಳ, ಚಿಂಚಪೋಕಳಿ, ಕಾಳಬಾದೇವಿ ಮಾತ್ರ ಳ. ಸೆಟ್ಟಿಂಗ್ಸ್‌ನಲ್ಲಿ ‘ಎರಡನೇ ಭಾಷೆ’ ಎಂಬಲ್ಲಿ ಮರಾಠಿ ಆರಿಸಿ. ಕನ್ನಡದ ಕೆಳಗೆ ದೇವನಾಗರಿ ಸಾಲು ಬರುತ್ತದೆ, ಅದನ್ನೇ ಓದಿ.

ಟಿಪ್ಪಣಿಗಳಲ್ಲಿ ಪುಣೆಯದು ಎಲ್ಲಕ್ಕಿಂತ ಅಚ್ಚುಕಟ್ಟು. ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ, 758 ಮತ್ತು 768ರ ತಾಮ್ರಪಟಗಳಲ್ಲಿ ಬರುವ ‘ಪುಣ್ಯ ವಿಷಯ’, ‘ಪೂನಕ ವಿಷಯ’ಗಳನ್ನು ಕೊಟ್ಟು, ಅಲ್ಲಿ ‘ವಿಷಯ’ ಎಂದರೆ ಆಡಳಿತದ ಒಂದು ವಿಭಾಗ ಎಂದೂ ಬಿಡಿಸಿದ್ದಾರೆ. ನಮ್ಮ ಶಾಸನಗಳನ್ನು ಓದಿದವರಿಗೆ ಪರಿಚಿತ ಪದ, ಉಳಿದವರಿಗೆ ಆ ಒಂದು ಸಾಲು ಬೇಕೇ ಬೇಕು.

ಭೇಂಡಿ ಬಜಾರ್ ವಿಷಯದಲ್ಲಿ ಆತುರಪಟ್ಟಿದ್ದಾರೆ. ಕ್ರಾಫರ್ಡ್ ಮಾರ್ಕೆಟ್ಟಿನ ಹಿಂದಿದ್ದ ಜಾಗವನ್ನು ಇಂಗ್ಲಿಷರು ‘ಬಿಹೈಂಡ್ ದ ಬಜಾರ್’ ಅಂದರು, ಅದೇ ಭೇಂಡಿಯಾಯಿತು ಎಂಬುದೊಂದೇ ಕಥೆ ಇದೆ. ಕೇಳಲು ಸೊಗಸು. ಆದರೆ ಭೇಂಡಿ ಎಂಬುದು ಮರದ ಹೆಸರೂ ಹೌದು, ನಮ್ಮ ಹೂವರಸಿ. ಪಕ್ಕದ ಉಮರಖಾಡಿಯನ್ನೂ ಅತ್ತಿಮರಕ್ಕೇ, ಅಂದರೆ ಮರಾಠಿಯ ಉಂಬರಕ್ಕೇ, ಜೋಡಿಸುತ್ತಾರೆ. ಮರದ ಮಾತನ್ನು ಒಂದು ಸಾಲಾದರೂ ಸೇರಿಸಬೇಕಿತ್ತು. ಆನೆಲಾಯವಿದ್ದುದರಿಂದ ಮಾಟುಂಗಾ ಎಂಬ ಹೆಸರು ಬಂತೆನ್ನುವ ಕಥೆಗೂ ‘ಐತಿಹ್ಯ’ ಎಂಬ ಗುರುತು ಬೇಕು.

ಹಳೆಯ ಹೆಸರು ಹುಡುಕುವವರಿಗೆ: ‘ಎಲ್ಫಿನ್‌ಸ್ಟನ್ ರೋಡ್’ ಎಂದು ಟೈಪ್ ಮಾಡಿದರೆ 2018ರಲ್ಲಿ ಬದಲಾದ ಪ್ರಭಾದೇವಿ ಸ್ಟೇಷನ್ ಸಿಗುತ್ತದೆ. ‘ವಿಟಿ’ (ಹಿಂದಿನ ವಿಕ್ಟೋರಿಯಾ ಟರ್ಮಿನಸ್) ಎಂದರೆ ಏನೂ ಬರುವುದಿಲ್ಲ, ಅದರ ಈಗಿನ ಹೆಸರಿನ ಚುಟುಕು ರೂಪ ‘ಸಿಎಸ್‌ಎಂಟಿ’ ಎಂದೇ ಹಾಕಬೇಕು. ಗೋವಾ ಭಾಗ ಬಹುತೇಕ ಖಾಲಿ, ಪಣಜಿ ಮತ್ತು ಮಡಗಾಂವ್ ಬಿಟ್ಟರೆ ಟಿಪ್ಪಣಿಗಳಿಲ್ಲ. ಗೋವಾದ ಹೆಸರುಗಳಿಗಾಗಿಯೇ ದುಡ್ಡು ಕೊಟ್ಟು ಪೂರ್ತಿ ಆವೃತ್ತಿ ಕೊಳ್ಳಬೇಡಿ. ಐದರಲ್ಲಿ ಮೂರು.